ಅಂಗಿಯ ಮೇಲೆ ಊರಿನ ಹೆಸರು

ಇಂಟರ್ನ್‌ಶಿಪ್ ಪಟ್ಟಿಯಲ್ಲಿ ಮೂರನೇ ಸಲವೂ ನನ್ನ ಹೆಸರಿರಲಿಲ್ಲ. ಆ ರಾತ್ರಿ ಹಾಸ್ಟೆಲ್‌ನಲ್ಲಿ ಫುಟ್‌ಬಾಲ್ ಆಟಗಾರ ಕಫು ಬಗ್ಗೆ ಓದುತ್ತಾ ಕುಳಿತೆ.

ಬ್ರೆಜಿಲ್‌ನ ಸಾವೊ ಪಾಲೊ ನಗರದಂಚಿನ ಜಾರ್ದಿಂ ಇರೇನೆ ಎಂಬ ಬಡವರ ಬಡಾವಣೆಯಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಹಲವು ಕ್ಲಬ್‌ಗಳು ಟ್ರಯಲ್ಸ್‌ನಲ್ಲೇ ಬೇಡವೆಂದು ಕಳಿಸಿದ್ದವು. ಆಡಿದ್ದು ರೈಟ್ ಬ್ಯಾಕ್. ಗೋಲು ಹೊಡೆದು ಹೆಸರು ಮಾಡುವ ಜಾಗವಲ್ಲ. 1994ರ ವಿಶ್ವಕಪ್ ಫೈನಲ್‌ನಲ್ಲಿ ಮೈದಾನಕ್ಕಿಳಿದದ್ದೂ ಗಾಯಗೊಂಡ ಜೋರ್ಜಿನೊ ಬದಲಿಗೆ. ಸಿಕ್ಕ ಜಾಗ ಬಿಟ್ಟುಕೊಡಲಿಲ್ಲ. 1998, 2002ರ ಫೈನಲ್‌ಗಳಲ್ಲೂ ಆಡಿದರು. ದೇಶದ ಪರ ಒಟ್ಟು 142 ಪಂದ್ಯ. 2002ರಲ್ಲಿ ನಾಯಕನಾಗಿ ಕಪ್ ಎತ್ತಿ ಹಿಡಿದಾಗ ಅವರ ಅಂಗಿಯ ಮೇಲೆ ಕೈಬರಹದಲ್ಲಿದ್ದದ್ದು: ‘100% ಜಾರ್ದಿಂ ಇರೇನೆ’.

ಬೆಳಿಗ್ಗೆ ನನ್ನ ರೆಸ್ಯೂಮೆ ತೆರೆದೆ. ಸಂಕೋಚದಿಂದ ಅಳಿಸಿದ್ದ ನಮ್ಮೂರ ಸರ್ಕಾರಿ ಶಾಲೆಯ ಹೆಸರನ್ನು ಮತ್ತೆ ಸೇರಿಸಿ, ನಾಲ್ಕನೇ ಅರ್ಜಿ ಕಳಿಸಿದೆ.