ನದಿಯ ದಾಸ್ತಾನು: ಕಾವೇರಿಯ ಮೀನಿನ ಲೆಕ್ಕದಿಂದ ವರ್ತಕರು ತಿಳಿಯಬೇಕಾದುದು

ವರ್ಷಾಂತ್ಯದ ಲೆಕ್ಕ ಮುಗಿದಾಗ ವ್ಯಾಪಾರಿಯ ಕಣ್ಣು ಮೊದಲು ಹೋಗುವುದು ಒಟ್ಟು ವಹಿವಾಟಿನ ಅಂಕಿಯ ಮೇಲೆ. ಅದು ಕಳೆದ ವರ್ಷಕ್ಕಿಂತ ಹೆಚ್ಚಿದ್ದರೆ ಉಳಿದ ಪುಟಗಳನ್ನು ತಿರುವಿ ನೋಡುವ ತಾಳ್ಮೆ ಬಹಳ ಮಂದಿಗೆ ಇರುವುದಿಲ್ಲ. ಆದರೆ ದಾಸ್ತಾನಿನ ವಿಷಯದಲ್ಲಿ ವಿಟ್ಲದ ಅಡಿಕೆ ವರ್ತಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೋದಾಮಿನಲ್ಲಿ ನೂರು ಕ್ವಿಂಟಲ್ ಅಡಿಕೆ ಇದೆ ಎಂದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. ಹಳೆ ಅಡಿಕೆ ಎಷ್ಟು, ಹೊಸತು ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಬಿಡಿಸಿ ಹೇಳಿದರೆ ಮಾತ್ರ ಅದು ಲೆಕ್ಕ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 2 ಕೂಡ ಸಾಮಾನ್ಯವಾಗಿ ಬಾಬ್ತುವಾರು ಹೋಲಿಕೆಯನ್ನೇ ಕೇಳುತ್ತದೆ. ಒಂದು ಸರಕಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಮುಚ್ಚಿಡಲು ಅದು ಅವಕಾಶ ಕೊಡುವುದಿಲ್ಲ.

ಇದೇ ನಿಯಮವನ್ನು ಒಂದು ನದಿಗೆ ಅನ್ವಯಿಸಿ ನೋಡಿದ ಮೀನುಗಾರಿಕಾ ವಿಜ್ಞಾನಿಗಳ ಸಂಶೋಧನೆಯನ್ನು ಸದಸ್ಯ ಮಿತ್ರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ನದಿ ನಮ್ಮ ರಾಜ್ಯದ ಕಾವೇರಿ. ಸರಕು, ಮಹಶೀರ್ ಎಂಬ ದೊಡ್ಡ ಜಾತಿಯ ಸಿಹಿನೀರಿನ ಮೀನು. ನಮ್ಮ ತುಳುನಾಡಿನವರಿಗೆ ಇದರ ಬಳಗದ ಮೀನು ಅಪರಿಚಿತವಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ನದಿಯಲ್ಲಿ ಭಕ್ತರು ಅಕ್ಕಿ ಹಾಕುವ ದೇವರ ಮೀನುಗಳು, ಪೆರುವೋಳು ಎಂದು ನಾವು ಕರೆಯುವವು, ಇದೇ ಕುಲಕ್ಕೆ ಸೇರಿದವು.

ಕಾವೇರಿಯಲ್ಲಿ ಇದ್ದುದು ಮಹಶೀರ್‌ಗಳಲ್ಲಿಯೇ ಅತಿ ದೊಡ್ಡದಾಗಿ ಬೆಳೆಯುವ, ಬೆನ್ನು ಗೂನಾಗಿ ಉಬ್ಬಿರುವ, ಕಿತ್ತಳೆ ಬಣ್ಣದ ರೆಕ್ಕೆಗಳ ಜಾತಿ. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಇಂತಹ ಮೀನನ್ನು ಒಮ್ಮೆ ಗಾಳಕ್ಕೆ ಹಿಡಿಯುವ ಆಸೆಯಿಂದ ವಿದೇಶಗಳಿಂದಲೂ ಜನ ಹಣ ಕೊಟ್ಟು ಬರುತ್ತಿದ್ದರು. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸುತ್ತಿತ್ತು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನದಿಗೆ ಮರಳಿ ಬಿಡುವುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಸ್ಥಳೀಯರಿಗೆ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಉದ್ಯೋಗ ದೊರೆಯಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವ ಹಾವಳಿಗೂ ತಡೆ ಬಿತ್ತು. ವ್ಯವಹಾರದ ದೃಷ್ಟಿಯಿಂದ ಇದು ಒಂದೇ ಮೀನಿನಿಂದ ಹಲವು ಬಾರಿ ಆದಾಯ ಪಡೆಯುವ ಏರ್ಪಾಡು. ಇಂತಹ ಉದ್ಯಮ ನಮ್ಮಲ್ಲಿ ಬಹಳ ಇಲ್ಲ.

ಶಿಬಿರದ ದಾಖಲೆ ಪುಸ್ತಕ

ಗಾಳಿಬೋರೆ ಶಿಬಿರದಲ್ಲಿ ಎಷ್ಟು ಗಂಟೆ ಗಾಳ ಹಾಕಲಾಯಿತು, ಎಷ್ಟು ಮೀನು ದೊರೆತವು, ಪ್ರತಿಯೊಂದರ ತೂಕವೆಷ್ಟು ಎಂಬುದನ್ನು ಬರೆದಿಡುವ ಪದ್ಧತಿ ಇತ್ತು. ವಿಜ್ಞಾನಕ್ಕಾಗಿ ಬರೆದುದಲ್ಲ, ಅತಿಥಿಗಳ ಸಂತೋಷಕ್ಕಾಗಿ ಬರೆದುದು. ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಆಡ್ರಿಯನ್ ಪಿಂಡರ್ ಮತ್ತು ರಾಬರ್ಟ್ ಬ್ರಿಟನ್, ಕೇರಳದ ಮೀನು ವಿಜ್ಞಾನಿ ರಾಜೀವ್ ರಾಘವನ್ ಇವರು ಈ ಪುಸ್ತಕಗಳನ್ನು ಲೆಕ್ಕಪರಿಶೋಧಕರಂತೆ ಕುಳಿತು ಪರಿಶೀಲಿಸಿ 2015ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ನದಿಯಲ್ಲಿ ಎಷ್ಟು ಮೀನಿವೆ ಎಂದು ಎಣಿಸುವುದು ದುಸ್ತರ ಕೆಲಸ. ಬಂಡೆಗಳ ನಡುವೆ ರಭಸದಿಂದ ಹರಿಯುವ ಆಳವಾದ ನೀರಿನಲ್ಲಿ ಬಲೆ ಬೀಸಿ ಸಮೀಕ್ಷೆ ಮಾಡುವಂತಿಲ್ಲ. ಆದುದರಿಂದಲೇ ಯಾರೋ ಹವ್ಯಾಸಕ್ಕೆಂದು ಬರೆದಿಟ್ಟ ಪುಸ್ತಕಕ್ಕೆ ಅಷ್ಟು ಬೆಲೆ ಬಂದಿತು.

1998ರಿಂದ 2012ರ ವರೆಗಿನ ಲೆಕ್ಕದಲ್ಲಿ ಒಟ್ಟು 23,620 ಗಂಟೆಗಳ ಪ್ರಯತ್ನ, 6,161 ಮೀನುಗಳು. ಭಾಗಿಸಿ ನೋಡಿದರೆ ಸರಾಸರಿ ಸುಮಾರು 4 ಗಂಟೆಗೆ ಒಂದು ಮೀನು. ತೂಕ 1 ಪೌಂಡಿನಿಂದ 104 ಪೌಂಡಿನ ವರೆಗೆ, ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆಯಿಂದ 47 ಕಿಲೋದ ವರೆಗೆ. ವರ್ಷಗಳು ಕಳೆದಂತೆ ಗಂಟೆಗೆ ದೊರೆಯುವ ಮೀನಿನ ಸಂಖ್ಯೆ ಏರುತ್ತಾ ಹೋಗಿದೆ. ಸರಾಸರಿ ತೂಕ ಇಳಿಯುತ್ತಾ ಬಂದಿದೆ. ಮೇಲ್ನೋಟಕ್ಕೆ ಇದು ಶುಭಸೂಚನೆ. ಸಣ್ಣ ಮೀನುಗಳು ಹೆಚ್ಚಿವೆ ಎಂದರೆ ಸಂತಾನ ವೃದ್ಧಿಯಾಗುತ್ತಿದೆ, ಕಾವಲು ಫಲಿಸಿದೆ ಎಂದು ಅರ್ಥ. ಒಟ್ಟು ವಹಿವಾಟಿನ ಅಂಕಿಯನ್ನಷ್ಟೇ ನೋಡುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು.

ಸಂಶೋಧಕರು ಮುಚ್ಚಲಿಲ್ಲ. ಅದೇ ದಾಖಲೆಯನ್ನೂ ಹಳೆಯ ಬರಹಗಳನ್ನೂ ಛಾಯಾಚಿತ್ರಗಳನ್ನೂ ಜಾತಿವಾರು ವಿಂಗಡಿಸಿದಾಗ ಬೇರೆಯೇ ಚಿತ್ರ ಕಾಣಿಸಿತು. ಏರುತ್ತಿದ್ದ ಸಂಖ್ಯೆ ಕಾವೇರಿಯ ಗೂನು ಬೆನ್ನಿನ ಮೀನಿನದಾಗಿರಲಿಲ್ಲ, ನೀಲಿ ರೆಕ್ಕೆಯ ಇನ್ನೊಂದು ಜಾತಿಯದಾಗಿತ್ತು. ಮೂಲನಿವಾಸಿಯು ಗಾಳಕ್ಕೆ ಸಿಗುವುದೇ ಅಪರೂಪವಾಗುತ್ತಾ ಬಂದಿತ್ತು. ಸಿಕ್ಕರೂ ವಯಸ್ಸಾದ ದೊಡ್ಡ ಮೀನುಗಳೇ ಹೊರತು ಮರಿಗಳಲ್ಲ. ಸಾಲಗಾರರ ಬಾಕಿಯನ್ನು ಅವಧಿವಾರು ವಿಂಗಡಿಸಿ ಪಟ್ಟಿ ಮಾಡುವ ಕ್ರಮ ನಮ್ಮಲ್ಲಿದೆಯಷ್ಟೆ. ಹೊಸ ಬಿಲ್ಲುಗಳೇ ಇಲ್ಲದೆ ಮೂರು ವರ್ಷ ಹಳೆಯ ದೊಡ್ಡ ಬಾಕಿಗಳು ಮಾತ್ರ ಉಳಿದಿರುವ ಪಟ್ಟಿಯನ್ನು ನೋಡಿದರೆ ಆ ಅಂಗಡಿಯ ವ್ಯವಹಾರ ಎಲ್ಲಿಗೆ ಬಂದಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಮೀನಿನ ತೂಕದ ಪಟ್ಟಿಯನ್ನು ವಿಜ್ಞಾನಿಗಳು ಓದಿದ್ದು ಹೀಗೆಯೇ.

ನೀಲಿ ರೆಕ್ಕೆಯ ಮೀನು ಬಂದುದು ಎಲ್ಲಿಂದ? ಯಾರ ದುರುದ್ದೇಶದಿಂದಲೂ ಅಲ್ಲ. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಆಶ್ರಯದಲ್ಲಿ, ಮಹಶೀರ್ ಕುಲ ಕ್ಷೀಣಿಸುತ್ತಿದೆ ಎಂಬ ಪ್ರಾಮಾಣಿಕ ಕಳವಳದಿಂದ, ಟಾರ್ ಖುದ್ರಿ ಎಂಬ ಜಾತಿಯ ಕೃತಕ ಸಂತಾನೋತ್ಪತ್ತಿ ಆರಂಭವಾಯಿತು. ಅದು ಯಶಸ್ವಿಯಾಗಿ ಮರಿಗಳು ಹಲವು ರಾಜ್ಯಗಳ ಜಲಾಶಯಗಳಿಗೂ ನದಿಗಳಿಗೂ ಹೋದವು, ಕಾವೇರಿಗೂ ಬಂದವು. ಖುದ್ರಿ ಕೃಷ್ಣಾ ನದಿ ಸಮೂಹದ ಮೀನು. ಎರಡೂ ಮಹಶೀರ್‌ಗಳೇ ಆದುದರಿಂದ ಒಂದರ ಜಾಗದಲ್ಲಿ ಇನ್ನೊಂದು ಬಂದರೆ ತೊಂದರೆಯೇನು ಎಂದು ಆಗ ಯಾರಿಗೂ ಅನಿಸಿರಲಿಕ್ಕಿಲ್ಲ. ಅಣೆಕಟ್ಟು, ನೀರಿನ ಕೊರತೆ, ಮರಳುಗಾರಿಕೆ, ಸಿಡಿಮದ್ದು ಇವೆಲ್ಲ ಮೊದಲೇ ಕಾಡುತ್ತಿದ್ದ ಮೀನಿಗೆ ಹೊಸ ಪ್ರತಿಸ್ಪರ್ಧಿಯೂ ಸೇರಿಕೊಂಡಿತು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಲೋಕಪ್ರಸಿದ್ಧವಾದ ಈ ಗೂನು ಬೆನ್ನಿನ ಮೀನಿಗೆ ಆ ವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ ಸರಕಿಗೆ ಲೆಡ್ಜರಿನಲ್ಲಿ ಖಾತೆ ತೆರೆಯುವುದು ಹೇಗೆ? ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಬೇಕಾದರೂ ಹೆಸರು ಬೇಕು. ಕಾವೇರಿಯ ಉಪನದಿಯಾದ ಮೋಯಾರ್‌ನಲ್ಲಿ ದೊರೆತ ಮೀನುಗಳ ಶರೀರ ರಚನೆಯನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿದಾಗ, 2007ರಲ್ಲಿ ಕೇರಳದ ಪಾಂಬಾರ್ ನದಿಯ ಸಣ್ಣ ಮೀನುಗಳನ್ನು ನೋಡಿ ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು 2018ರಲ್ಲಿ ನಿರ್ಧಾರವಾಯಿತು. ಅದೇ ವರ್ಷ ಅದು ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜಾತಿಗಳ ಸಾಲಿಗೆ ಸೇರಿತು.

ಅಷ್ಟರಲ್ಲಿ ಗಾಳಿಬೋರೆಯ ಪುಸ್ತಕವೂ ನಿಂತಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಬೇಟೆಯೇ ಎಂಬ ನಿಲುವಿನಿಂದ ಶಿಬಿರಗಳ ಗಾಳದ ಆಟ ಕೊನೆಗೊಂಡಿತು. ಕಾಯ್ದೆಯ ಮಾತನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಆಟದ ಜತೆಗೆ ಲೆಕ್ಕವೂ ನಿಲ್ಲದಂತೆ ಬೇರೊಂದು ಏರ್ಪಾಡು ಮಾಡಬಹುದಿತ್ತು ಎಂದು ಲೆಕ್ಕಿಗನಾದ ನನಗೆ ಅನಿಸುತ್ತದೆ.

ನೂರು ಮೀನು, ಖಾತೆಯಲ್ಲಿ ಮೂವತ್ತಾರು

ಹೊರಗಿನ ಜಾತಿಯನ್ನು ತರದೆ ಅದೇ ನದಿಯ ಜಾತಿಯನ್ನೇ ಮರಿ ಮಾಡಿಸಿ ಬಿಟ್ಟರಾಯಿತಲ್ಲ ಎಂದು ಕೇಳಬಹುದು. ಅಲ್ಲಿಯೂ ಒಂದು ಲೆಕ್ಕವಿದೆ. ಅದನ್ನು ಮಾಡಿ ತೋರಿಸಿದ ಅಧ್ಯಯನವೂ ಕರ್ನಾಟಕದ್ದೇ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯೂಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಕೆರೆಯ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಆ ವರೆಗೆ ಮರಿಗಳಿಗಾಗಿ ನದಿಯನ್ನೇ ಅವಲಂಬಿಸಬೇಕಾಗಿತ್ತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಅನಂತರ ಕಾಟ್ಲಾ, ರೋಹು, ಮೃಗಾಲ್‌ಗಳ ಮರಿ ಉತ್ಪಾದನಾ ಕೇಂದ್ರಗಳು ದೇಶದೆಲ್ಲೆಡೆ ಹುಟ್ಟಿಕೊಂಡವು. ಒಂದು ಹೆಣ್ಣು ಮೀನಿನಿಂದ ಲಕ್ಷಗಟ್ಟಲೆ ಮೊಟ್ಟೆ ದೊರೆಯುವಾಗ ಹೆಚ್ಚು ತಂದೆತಾಯಿ ಮೀನುಗಳನ್ನು ಸಾಕುವುದು ವೃಥಾ ಖರ್ಚು ಎನಿಸುವುದು ಸಹಜ. ಅಂಬೇಕರ್ ಏಕನಾಥ್ ಮತ್ತು ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ರೋಜರ್ ಡಾಯ್ಲ್ ಅವರು ಕರ್ನಾಟಕದ ಇಂತಹ ಕೇಂದ್ರಗಳನ್ನು ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಹೊರಗಿನಿಂದ ಹೊಸ ರಕ್ತ ಬಾರದ ಕೇಂದ್ರಗಳಲ್ಲಿ ಒಳಸಂತಾನದ ದರ ಶೇಕಡಾ 2ರಿಂದ 17ರ ವರೆಗೆ ಇತ್ತು. ಒಳಸಂತಾನವೆಂದರೆ ರಕ್ತಸಂಬಂಧಿಗಳ ನಡುವಿನ ಸಂತಾನ. ಅದು ಹೆಚ್ಚಿದಂತೆ ಬೆಳವಣಿಗೆ ಕುಂಠಿತವಾಗುತ್ತದೆ, ಮರಿಗಳ ಉಳಿವು ಕಡಿಮೆಯಾಗುತ್ತದೆ.

ಈ ದರವನ್ನು ಯಾವ ವರ್ತಕನೂ ಕಾಗದದ ಮೇಲೆ ಹಾಕಿ ನೋಡಬಹುದು. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ಪುನಃ 4ರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಕೊಳದಲ್ಲಿ 10 ಗಂಡು, 90 ಹೆಣ್ಣು ಇದ್ದರೆ ಉತ್ತರ 36. ಕಣ್ಣಿಗೆ ನೂರು ಮೀನು. ವಂಶದ ಖಾತೆಯಲ್ಲಿ ಮಾತ್ರ ಮೂವತ್ತಾರು. 50 ಗಂಡು, 50 ಹೆಣ್ಣು ಇದ್ದಿದ್ದರೆ ಪೂರ್ತಿ ನೂರೇ ಸಿಗುತ್ತಿತ್ತು. 1ನ್ನು ಈ ಉತ್ತರದ ಇಮ್ಮಡಿಯಿಂದ ಭಾಗಿಸಿದರೆ ಪ್ರತಿ ತಲೆಮಾರಿನ ಒಳಸಂತಾನದ ದರ: 36ಕ್ಕೆ ಶೇಕಡಾ 1.4, ನೂರಕ್ಕೆ ಶೇಕಡಾ ಅರ್ಧ. ಕೇವಲ 2 ಗಂಡು, 18 ಹೆಣ್ಣಿನಿಂದ ನಡೆಸುವ ಕೇಂದ್ರದಲ್ಲಿ ಅದು ಶೇಕಡಾ 7ರ ಸಮೀಪಕ್ಕೆ ಹೋಗುತ್ತದೆ. ಇದು ಚಕ್ರಬಡ್ಡಿಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಸೇರುತ್ತಾ ಹೋಗುವ ಸಾಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ವಿಜ್ಞಾನಿಗಳೊಡನೆ 1992ರಲ್ಲಿ ರೋಹು ಮೀನಿನ ತಳಿ ಸುಧಾರಣೆಗೆ ತೊಡಗಿದಾಗ ಮೊದಲು ಮಾಡಿದ ಕೆಲಸ, ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳಿಂದ ಮೂಲ ಮೀನುಗಳನ್ನು ತಂದುದು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಬಿಡುಗಡೆಯಾದ ಜಯಂತಿ ರೋಹು ಆ ಮೂಲಧನದ ಫಲ. ನದಿಗಳಲ್ಲಿ ಮೂಲ ಮೀನು ಉಳಿದಿರದಿದ್ದರೆ ಅವರು ತರುವುದಾದರೂ ಎಲ್ಲಿಂದ? ಉದ್ಯಮದ ಮೀಸಲು ನಿಧಿ ಇರುವುದು ನದಿಯಲ್ಲಿ. ಗೂನು ಬೆನ್ನಿನ ಮಹಶೀರ್‌ನ ಆ ನಿಧಿ ಬಹುಪಾಲು ಕರಗಿಹೋಗಿದೆ.

ನಮ್ಮ ಹೊಳೆಗಳ ಮಾತು

ಇದೆಲ್ಲ ವಿಟ್ಲದ ವ್ಯಾಪಾರಿಗಳಿಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಹತ್ತಿರದಲ್ಲಿಯೇ ಇದೆ. 2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ, 20,050 ಕೋಟಿ ರೂಪಾಯಿ ಗಾತ್ರದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ನದಿಗಳಿಗೆ ಮೀನುಮರಿ ಬಿತ್ತನೆಯೂ ಒಂದು ಕಾರ್ಯಕ್ರಮ. ಆಯಾ ನದಿಯ ಸ್ಥಳೀಯ ಜಾತಿಗಳನ್ನೇ ಬಿಡಬೇಕೆಂಬುದು ಅದರ ಆಶಯ. ಸರಕಾರದ ಕಾರ್ಯಕ್ರಮವಲ್ಲದೆ, ಮರಿ ಬಿಡುವುದು ಪುಣ್ಯದ ಕೆಲಸವೆಂದು ಸಂಘ ಸಂಸ್ಥೆಗಳೂ ದಾನಿಗಳೂ ಮುಂದೆ ಬರುತ್ತಾರೆ. ಕಂಪನಿ ಕಾಯ್ದೆಯ 135ನೇ ವಿಧಿಯ ಸಾಮಾಜಿಕ ಹೊಣೆಗಾರಿಕೆ ನಮ್ಮ ಸದಸ್ಯರಲ್ಲಿ ಯಾರಿಗೂ ಅನ್ವಯಿಸುವಷ್ಟು ದೊಡ್ಡದಾಗಿರಲಿಕ್ಕಿಲ್ಲ. ಆದರೂ ರಶೀದಿ ಪುಸ್ತಕ ಹಿಡಿದು ಬಂದವರಿಗೆ ಇಲ್ಲವೆನ್ನುವ ರೂಢಿ ನಮ್ಮ ಪೇಟೆಯಲ್ಲಿ ಇಲ್ಲ.

ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳ ಮಹಶೀರ್‌ಗಳ ಹೆಸರಿನ ಚರ್ಚೆಯಂತೂ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಮಲಬಾರಿನ ಬೆಟ್ಟದ ಹೊಳೆಗಳಿಂದ ಜೆರ್ಡನ್ ಎಂಬವರು 1849ರಲ್ಲಿಯೇ ಒಂದು ಜಾತಿಯನ್ನು ವಿವರಿಸಿದ್ದಾರೆ. ಅದಕ್ಕೂ ಖುದ್ರಿಗೂ ಇರುವ ಗಡಿ ಎಲ್ಲಿ ಎಂಬುದು ವಾದದ ವಿಷಯ. ಅಂದರೆ ನೇತ್ರಾವತಿ ಜಲಾನಯನದ ಪೆರುವೋಳಿಗೆ ಪ್ರತ್ಯೇಕ ಖಾತೆ ತೆರೆಯಬೇಕೇ ಎಂಬುದೇ ಇತ್ಯರ್ಥವಾಗದಿರುವಾಗ, ಬೇರೆ ಕಡೆಯ ಮಹಶೀರ್ ಮರಿಗಳನ್ನು ಅದೇ ನೀರಿಗೆ ಸುರಿದರೆ ಆರಂಭಿಕ ದಾಸ್ತಾನು ಬರೆಯುವ ಮೊದಲೇ ಸರಕು ಬೆರೆತುಹೋಗುತ್ತದೆ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿ ಮೀನುಗಳ ಮಾರಣಹೋಮ ನಡೆದಾಗ ಜಿಲ್ಲೆಯೇ ಮರುಗಿತು. ವಿಷದಿಂದ ಸತ್ತ ಮೀನು ತೇಲಿ ಬಂದು ಎಲ್ಲರ ಕಣ್ಣಿಗೆ ಬೀಳುತ್ತದೆ. ಕಾವೇರಿಯಲ್ಲಾದ ನಷ್ಟದಲ್ಲಿ ಒಂದು ಹೆಣವೂ ತೇಲಲಿಲ್ಲ.

ಅಡಿಕೆ ಸಸಿ ಕೊಳ್ಳುವಾಗ ನಮ್ಮ ಕೃಷಿಕರು ತಾಯಿಮರ ಯಾವುದೆಂದು ಕೇಳದೆ ಹಣ ಬಿಚ್ಚುವುದಿಲ್ಲ. ಮಂಗಳ ತಳಿಯನ್ನು 1972ರಲ್ಲಿ ಹೊರತಂದ ಸಂಶೋಧನಾ ಕೇಂದ್ರ ವಿಟ್ಲದಲ್ಲಿಯೇ ಇರುವುದರಿಂದ ಆ ಎಚ್ಚರ ನಮಗೆ ರಕ್ತಗತವಾಗಿದೆ. ಮೀನುಮರಿ ಬಿತ್ತನೆಗೆ ದೇಣಿಗೆ ಕೇಳಿ ಬಂದವರಲ್ಲಿಯೂ ಹಾಗೆಯೇ ವಿಚಾರಿಸಬಹುದು: ಮರಿ ಯಾವ ಜಾತಿಯದು, ಅದರ ತಂದೆತಾಯಿ ಮೀನುಗಳು ಯಾವ ನದಿಯವು, ಅವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು. ಸ್ವಂತ ಕೆರೆ, ಮದಕಗಳಲ್ಲಿ ಕಾಟ್ಲಾ, ರೋಹು ಸಾಕುವವರಿಗೆ ಕೊನೆಯ ಪ್ರಶ್ನೆ ನೇರವಾಗಿ ಲಾಭನಷ್ಟದ ಪ್ರಶ್ನೆ. ಮರಿ ಮಾರುವವರು ಉತ್ತರವನ್ನು ಬಿಲ್ಲಿನಲ್ಲಿಯೇ ಬರೆದುಕೊಟ್ಟರೆ, ಎರಡು ವರ್ಷದ ಬಳಿಕ ಬೇರೆ ಬೇರೆ ಕೇಂದ್ರಗಳ ಮರಿಗಳ ತೂಕವನ್ನು ಹೋಲಿಸಿ ನೋಡಲು ಒಂದು ಆಧಾರವಿರುತ್ತದೆ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯ ಇರುವುದರಿಂದ ಜಾತಿ ಗುರುತಿಸುವ ವಿಷಯದಲ್ಲಿ ಸಂದೇಹ ಬಂದರೆ ಬಹಳ ದೂರ ಹೋಗಬೇಕಾಗಿಲ್ಲ. ಮೀನಿನ ಒಂದು ಪಕ್ಕದ ಸ್ಪಷ್ಟ ಛಾಯಾಚಿತ್ರ, ಹಿಡಿದ ಸ್ಥಳ, ದಿನಾಂಕ ಮತ್ತು ತೂಕ ಬರೆದುಕೊಂಡು ಹೋದರೆ ಕೆಲಸ ಸುಲಭವಾಗುತ್ತದೆ.