ಹಳೆಯ ಪುಸ್ತಕ, ಹಳಸದ ಲೆಕ್ಕ

ಹೀಲಿಯಂ ಪರಮಾಣುವಿನಲ್ಲಿ ಇರುವುದು ಎರಡೇ ಎಲೆಕ್ಟ್ರಾನ್. ಆದರೂ ಅದರ ಲೆಕ್ಕ ಪೂರ್ತಿಯಾಗಿ ಬಿಡಿಸಲು ಬರುವುದಿಲ್ಲ. ಎರಡೂ ಒಂದನ್ನೊಂದು ದೂಡುತ್ತಲೇ ಇರುತ್ತವೆ. ಲೈನಸ್ ಪೌಲಿಂಗ್ ಮತ್ತು ಬ್ರೈಟ್ ವಿಲ್ಸನ್ 1935ರಲ್ಲಿ ಹೊರತಂದ ಕ್ವಾಂಟಂ ಪಠ್ಯದಲ್ಲಿ ಇದಕ್ಕೊಂದು ಜಾಣ ದಾರಿ ಇದೆ. ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ನ್ಯೂಕ್ಲಿಯಸ್ಸನ್ನು ಅಷ್ಟಿಷ್ಟು ಮರೆಮಾಡುತ್ತದಲ್ಲ? ಹಾಗಾಗಿ ಎಲೆಕ್ಟ್ರಾನಿನ ತರಂಗರೂಪವನ್ನು ಊಹಿಸಿ ಬರೆಯುವಾಗ ನ್ಯೂಕ್ಲಿಯಸ್ಸಿನ ಆವೇಶವನ್ನು 2 ಎಂದೇ ಹಿಡಿಯಬೇಕಿಲ್ಲ. ಒಟ್ಟು ಶಕ್ತಿ ಆದಷ್ಟು ಕಡಿಮೆ ಬರುವಂತೆ ಆ ಅಂಕಿಯನ್ನು ಹೊಂದಿಸಿದರೆ 27/16 ಸಿಗುತ್ತದೆ, ಅಂದರೆ ಸುಮಾರು 1.69. ಅದರಿಂದ ಬರುವ ಶಕ್ತಿ −77.5 ಎಲೆಕ್ಟ್ರಾನ್ ವೋಲ್ಟ್. ಪ್ರಯೋಗದಲ್ಲಿ ಸಿಕ್ಕಿರುವುದು −79. ಈಚಿನ ಪಠ್ಯಪುಸ್ತಕ ತೆರೆದರೂ ಅದೇ ಲೆಕ್ಕ, ಅದೇ 27/16.

ಅಜ್ಜನ ಕಾಲದ ಪುಸ್ತಕದಿಂದ ಕ್ವಾಂಟಂ ಕಲಿಯಬಹುದೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಲೆಕ್ಕವನ್ನೇ. ಶ್ರೋಡಿಂಗರ್ 1926ರಲ್ಲಿ ಬರೆದ ಸಮೀಕರಣಕ್ಕೆ ಆಮೇಲೆ ಯಾರೂ ತೇಪೆ ಹಾಕಬೇಕಾಗಿ ಬಂದಿಲ್ಲ. ವೇಗ ಬೆಳಕಿನ ಹತ್ತಿರಕ್ಕೆ ಹೋದಾಗ ಬೇರೆ ಸಮೀಕರಣ ಬೇಕು, ನಿಜ. ಆದರೆ ಹೊಸಬರ ಪಾಠ ಅಲ್ಲಿಯವರೆಗೆ ಹೋಗುವುದಿಲ್ಲ.

ಆದರೆ ಹಳೆಯದು ಎಂದರೆ ಎಷ್ಟು ಹಳೆಯದು? 1925ರ ಹಿಂದೆ ಒಂದು ಗೆರೆ ಎಳೆದುಕೊಳ್ಳಬೇಕು. ಅದಕ್ಕೂ ಹಿಂದಿನದು ಬೋರ್ ಮತ್ತು ಸೊಮರ್‌ಫೆಲ್ಡ್ ಕಾಲದ ಸಿದ್ಧಾಂತ. ಅಲ್ಲಿ ಎಲೆಕ್ಟ್ರಾನ್ ಗ್ರಹದ ಹಾಗೆ ಕಕ್ಷೆಯಲ್ಲಿ ಸುತ್ತುತ್ತದೆ. ಹೈಡ್ರೋಜನ್ನಿನ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ ಎಷ್ಟೆಂದರೆ, ಬೋರ್ ಅವರ 1913ರ ಮಾದರಿ 13.6 ಎಲೆಕ್ಟ್ರಾನ್ ವೋಲ್ಟ್ ಎಂಬ ಸರಿಯುತ್ತರವನ್ನೇ ಕೊಡುತ್ತದೆ. ಮೋಸ ಹೋಗುವುದು ಇಲ್ಲಿಯೇ. ಅದೇ ಮಾದರಿಯ ಪ್ರಕಾರ ಅತಿ ಕೆಳಗಿನ ಸ್ಥಿತಿಯ ಎಲೆಕ್ಟ್ರಾನಿಗೆ ಒಂದು ಏಕಮಾನದಷ್ಟು ಕೋನೀಯ ಸಂವೇಗ ಇರಬೇಕು. ಶ್ರೋಡಿಂಗರ್ ಸಮೀಕರಣದಲ್ಲಿ ಅದು ಸೊನ್ನೆ. ಸೊನ್ನೆ ಕೋನೀಯ ಸಂವೇಗ ಇಟ್ಟುಕೊಂಡು ಯಾವ ಗ್ರಹವೂ ವೃತ್ತದಲ್ಲಿ ಸುತ್ತಲಾರದು. ಕಕ್ಷೆಯ ಆ ಚಿತ್ರವನ್ನು ಹೈಸ್ಕೂಲಿನಲ್ಲೇ ತಲೆಗೆ ತುಂಬಿಕೊಂಡವರು ಕಾಲೇಜಿಗೆ ಬಂದ ಮೇಲೆ ಅದನ್ನು ಕಿತ್ತು ಹಾಕಲು ಪಡುವ ಪಾಡು ಸಣ್ಣದಲ್ಲ.

ಗೆರೆಯ ಈಚೆಗಿನ ಪುಸ್ತಕಗಳಲ್ಲೂ ಲೆಕ್ಕ ಗಟ್ಟಿ, ಮಾತು ಕೆಲವೆಡೆ ಸಡಿಲ. ಅನಿಶ್ಚಿತತಾ ತತ್ವವನ್ನೇ ನೋಡಿ. ಎಲೆಕ್ಟ್ರಾನ್ ಎಲ್ಲಿದೆ ಎಂದು ನೋಡಲು ಅದರ ಮೇಲೆ ಬೆಳಕು ಬಿಡಬೇಕು, ಬೆಳಕು ತಗುಲಿ ಅದು ಅಲುಗುತ್ತದೆ, ಹಾಗಾಗಿ ಸ್ಥಾನ ಮತ್ತು ಸಂವೇಗ ಎರಡೂ ನಿಖರವಾಗಿ ಸಿಗವು: ಹೈಸನ್‌ಬರ್ಗ್ 1927ರಲ್ಲಿ ಕೊಟ್ಟ ಸೂಕ್ಷ್ಮದರ್ಶಕದ ಈ ಉದಾಹರಣೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂತು. ಕೇಳಲು ಚೆಂದ. ಆದರೆ ಸೂತ್ರ ಹೇಳುವುದು ಅದನ್ನಲ್ಲ. ಸಾವಿರ ಎಲೆಕ್ಟ್ರಾನುಗಳನ್ನು ಒಂದೇ ಬಗೆಯಲ್ಲಿ ಸಜ್ಜುಮಾಡಿ. ಐನೂರರಲ್ಲಿ ಸ್ಥಾನ ಮಾತ್ರ ಅಳೆಯಿರಿ, ಉಳಿದ ಐನೂರರಲ್ಲಿ ಸಂವೇಗ ಮಾತ್ರ. ಯಾವುದನ್ನೂ ಎರಡು ಸಲ ಮುಟ್ಟಿಲ್ಲ, ಒಂದು ಅಳತೆ ಇನ್ನೊಂದನ್ನು ಕೆಡಿಸುವ ಪ್ರಶ್ನೆಯೇ ಇಲ್ಲ. ಆದರೂ ಮೊದಲ ಗುಂಪಿನ ಅಂಕಿಗಳು ಒತ್ತಾಗಿ ಬಂದಷ್ಟೂ ಎರಡನೆಯ ಗುಂಪಿನವು ಚೆದುರುತ್ತವೆ. ಹಳೆಯ ಪುಸ್ತಕದಲ್ಲೂ ಸೂತ್ರದ ಸಾಧನೆ ಸರಿಯಾಗಿಯೇ ಇರುತ್ತದೆ. ಅದರ ಪಕ್ಕದ ಕತೆಯನ್ನು ಮಾತ್ರ ಅನುಮಾನದಿಂದ ಓದಬೇಕು.

ಇನ್ನು ಎಂಟ್ಯಾಂಗಲ್‌ಮೆಂಟ್, ದೂರವಿದ್ದೂ ಹೆಣೆದುಕೊಂಡಿರುವ ಕಣಗಳ ವಿಷಯ. ಅದನ್ನು ಪ್ರಯೋಗದಿಂದ ಪರೀಕ್ಷಿಸುವ ದಾರಿ ತೋರಿಸಿದ ಜಾನ್ ಬೆಲ್ ಅವರ ಪ್ರಮೇಯ ಬಂದದ್ದು 1964ರಲ್ಲಿ. ಅದರ ಹಿಂದಿನ ಪುಸ್ತಕದಲ್ಲಿ ಆ ಪ್ರಮೇಯವನ್ನು ಹುಡುಕಿ ಫಲವಿಲ್ಲ. 2022ರ ನೊಬೆಲ್ ಬಂದದ್ದು ಈ ದಾರಿಯ ಪ್ರಯೋಗಗಳಿಗೇ. ಹಾಗೆಂದು ಹಳಬರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ಐನ್‌ಸ್ಟೈನ್ ಮತ್ತು ಸಂಗಡಿಗರು ಇಂಥ ಕಣಗಳ ಬಗ್ಗೆ 1935ರಲ್ಲಿ ಮಂಡಿಸಿದ ವಾದವನ್ನು ಎರಡು ಸ್ಪಿನ್‌ಗಳ ಸರಳ ಲೆಕ್ಕವಾಗಿ ಬದಲಿಸಿಕೊಟ್ಟದ್ದು ಡೇವಿಡ್ ಬೋಮ್ ಅವರ 1951ರ ಪಠ್ಯಪುಸ್ತಕ. ಬೆಲ್ ಕಟ್ಟಿದ್ದು ಆ ಬುನಾದಿಯ ಮೇಲೆ.

ಪುಸ್ತಕ ಆರಿಸುವವರು ಅಚ್ಚಾದ ವರ್ಷ ನೋಡಿ ಮೋಸ ಹೋಗಬಾರದು. ಡಿರಾಕ್ ಅವರ ಪುಸ್ತಕ ಮೊದಲು ಬಂದದ್ದು 1930ರಲ್ಲಿ. ಇಂದು ಎಲ್ಲರೂ ಬಳಸುವ ಬ್ರಾ-ಕೆಟ್ ಎಂಬ ಸಂಕೇತಪದ್ಧತಿ ಅದರೊಳಗೆ ಸೇರಿದ್ದು 1947ರ ಮೂರನೆಯ ಆವೃತ್ತಿಯಲ್ಲಿ. ಆದರೂ ಅದು ಮೊದಲು ಓದುವ ಪುಸ್ತಕವಲ್ಲ. ಒಂದು ವಾಕ್ಯ ತಪ್ಪಿದರೆ ಹತ್ತು ಪುಟ ತಪ್ಪುತ್ತದೆ.

ಮ್ಯಾಕ್ಸ್ ಬಾರ್ನ್ ಅವರ 'ಅಟಾಮಿಕ್ ಫಿಸಿಕ್ಸ್' ಬೇರೆ ಜಾತಿಯದು. ಇಂಗ್ಲಿಷಿನಲ್ಲಿ ಅದು ಬಂದ 1935ರಲ್ಲೇ ಬಾರ್ನ್, ಸಿ.ವಿ. ರಾಮನ್ ಅವರ ಕರೆಯ ಮೇರೆಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಪುಸ್ತಕ ಶುರುವಾಗುವುದು ಅನಿಲಗಳ ಅಣುಗಳಿಂದ. ಕ್ವಾಂಟಂ ಬರುವ ಹೊತ್ತಿಗೆ ಅವಸರದವರು ಎದ್ದು ಹೋಗಿರುತ್ತಾರೆ. ಭೌತವಿಜ್ಞಾನಿಗಳು ಈ ವಿಚಿತ್ರ ಮಾತುಗಳನ್ನು ಯಾಕೆ ಒಪ್ಪಬೇಕಾಯಿತು ಎಂದು ತಿಳಿಯಬೇಕಾದವರಿಗೆ ಆ ಸುತ್ತುದಾರಿಯೇ ಹತ್ತಿರ.

ಹೊಸಬರ ಕೈಗೆ ನಾನು ಕೊಡುವುದು ಫೈನ್‌ಮನ್ ಉಪನ್ಯಾಸಗಳ ಮೂರನೆಯ ಸಂಪುಟ. 1965ರದು, ಈಗ ಅಂತರ್ಜಾಲದಲ್ಲಿ ಉಚಿತ. ಮೊದಲ ಅಧ್ಯಾಯವೇ ಎರಡು ಸೀಳುಗಂಡಿಗಳ ಮೂಲಕ ಎಲೆಕ್ಟ್ರಾನ್ ಹಾಯಿಸುವ ಪ್ರಯೋಗ. ಇದನ್ನು ಮಾಡಿ ನೋಡಲು ಹೋಗಬೇಡಿ, ಉಪಕರಣ ಅಸಾಧ್ಯವೆನ್ನುವಷ್ಟು ಚಿಕ್ಕದಾಗಿರಬೇಕಾಗುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ಆದರೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ಲಾಸ್ ಯೋನ್ಸನ್ 1961ರಲ್ಲೇ ತಾಮ್ರದ ತೆಳು ಹಾಳೆಯಲ್ಲಿ ಸೀಳು ರೂಪಿಸಿ ಎಲೆಕ್ಟ್ರಾನುಗಳ ಪಟ್ಟೆಗಳನ್ನು ಪಡೆದಿದ್ದರು. 1989ರಲ್ಲಿ ಜಪಾನಿನ ಅಕಿರಾ ತೊನೊಮುರ ಅವರ ತಂಡ, ಸೀಳುಗಂಡಿಯ ಬದಲು ಬೇರೆ ಸಾಧನ ಬಳಸಿ, ಒಂದೊಂದೇ ಎಲೆಕ್ಟ್ರಾನ್ ಬಂದು ಒಂದೊಂದೇ ಚುಕ್ಕೆ ಇಡುತ್ತಾ ಕೊನೆಗೆ ಪಟ್ಟೆಗಳಾಗುವುದನ್ನು ಚಿತ್ರೀಕರಿಸಿತು. ಫೈನ್‌ಮನ್ ಅಧ್ಯಾಯ ಓದಿ ಮುಗಿಸಿ ಆ ಚಿತ್ರ ನೋಡಿ; ಪುಸ್ತಕ ನಿಮ್ಮದೇ ಆಗಿದ್ದರೆ, ಎಚ್ಚರಿಕೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಈ ಎರಡು ಇಸವಿ ಬರೆದಿಡಿ.