ಮಗನ ಮುಂದೆ ಹೇಳಲಾಗದ ಮಾತು

ಆಂಧ್ರದ ಗಡಿಯಲ್ಲಿರುವ ಹೊಳಗುಂದ, ಹಾಲಹರ್ವಿ, ಕೌತಾಳಂ, ಆಲೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಳುವುದೂ ಬೈಯುವುದೂ ಕೂಸನ್ನು ಮಲಗಿಸುವುದೂ ಕನ್ನಡದಲ್ಲೇ. ಆದವಾನಿಯ ಹತ್ತಿ ಮಾರುಕಟ್ಟೆಗೆ ಬಂದರೆ ತೆಲುಗು, ಕಚೇರಿಗೆ ಹೋದರೂ ತೆಲುಗು. ಜ್ವರ, ಕೆಮ್ಮಿಗೆ ಇದರಿಂದ ದೊಡ್ಡ ತೊಡಕಿಲ್ಲ. ಕೈಮಾಡಿ ತೋರಿಸಿದರೂ ನಡೆದೀತು. ‘ಎದಿ ಡವಡವ ಅಂತೈತಿ, ನಿದ್ದಿ ಬರವಲ್ದು, ಯಾರ ಕೂಡಾನೂ ಮಾತು ಬ್ಯಾಡ ಅನಸ್ತೈತಿ’ ಎನ್ನುವ ತಾಯಿಯ ಪಾಡು ಹಾಗಲ್ಲ. ಅವಳ ಪರವಾಗಿ ತೆಲುಗಿನಲ್ಲಿ ಹೇಳುವವನು ಜೊತೆಗೆ ಬಂದ ಮಗ, ಇಲ್ಲವೇ ಗಂಡ. ಕುಡಿದು ಬಂದು ಹೊಡೆಯುವವನೇ ಅವನಾಗಿದ್ದರೆ? ವೈದ್ಯರ ಕಿವಿಗೆ ಬೀಳುವುದು ‘ನಿದ್ದೆ ಬರುತ್ತಿಲ್ಲವಂತೆ’ ಎಂಬುದಷ್ಟೇ. ಅದಕ್ಕೊಂದು ಮಾತ್ರೆ ಸಿಗುತ್ತದೆ.

ಇದು ಅವಳ ದುರದೃಷ್ಟವಲ್ಲ, ಹಕ್ಕಿನ ಉಲ್ಲಂಘನೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಈ ವಿಷಯದಲ್ಲಿ ನೇರವಾಗಿದೆ. ಕಾಯಿಲೆ ಯಾವುದು, ಚಿಕಿತ್ಸೆ ಏನು, ಅಡ್ಡಪರಿಣಾಮಗಳೇನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಎನ್ನುತ್ತದೆ 22ನೇ ಸೆಕ್ಷನ್. ಒಪ್ಪಿಗೆಯೂ ಹಾಗೆಯೇ: ತಿಳಿಯದ ಭಾಷೆಯ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಈ ಕಾಯ್ದೆ ಒಪ್ಪಿಗೆ ಎಂದು ಎಣಿಸುವುದಿಲ್ಲ. 23ನೇ ಸೆಕ್ಷನ್ ಗುಟ್ಟು ಕಾಯುವ ಹೊಣೆ ಹೊರಿಸುತ್ತದೆ. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿ, ನ್ಯಾಯಾಲಯದ ಆದೇಶ ಇಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ. ಅವು ಯಾವುವೆಂದು ಕೌನ್ಸೆಲಿಂಗ್ ಶುರುವಾಗುವ ಮೊದಲೇ ಹೇಳಿಬಿಡುವುದು ಒಳ್ಳೆಯ ಚಿಕಿತ್ಸಕರ ಲಕ್ಷಣ. ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಎಂದು ಕೇಳಲು ಯಾರೂ ಅಳುಕಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಂಡವರ ನೋಂದಣಿ ಸಂಖ್ಯೆ ಕೇಳುವುದೂ ಅಗೌರವವಲ್ಲ.

ಈ ಸೀಮೆಗೆ ಇಂಥ ಚಿಕಿತ್ಸೆ ಇನ್ನೂ ಹತ್ತಿರವಿರಬಹುದಿತ್ತು. 1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವೇ. ಅಂದು ಅವು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅದೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಪ್ರಯೋಗವೇ. ದೇಶಕ್ಕೆ ದಾರಿ ತೋರಿಸಿದ ಆ ಕೆಲಸ ಕನ್ನಡದಲ್ಲಿ ನಡೆಯಿತು, ಗಡಿಯಿಂದ ಆಚೆಗಿನ ಕನ್ನಡದವರನ್ನು ಬಿಟ್ಟು. ಆದವಾನಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಕನ್ನಡ ಬಲ್ಲ ಆಪ್ತಸಮಾಲೋಚಕರು ಕೂರಬೇಕು, ಒಪ್ಪಿಗೆಯ ನಮೂನೆ ಕನ್ನಡದಲ್ಲೂ ಇರಬೇಕು. ಇದು ದಯೆಯಿಂದ ಕೊಡುವಂಥದ್ದಲ್ಲ, ಕಾಯ್ದೆಯ ಪ್ರಕಾರ ನಡೆಸಿಕೊಡಬೇಕಾದದ್ದು. ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುವ ಹೆಣ್ಣುಮಕ್ಕಳಿಗಾದರೆ ಫೋನೇ ಗತಿ: 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಇದಕ್ಕೆ ದುಡ್ಡಿಲ್ಲ, ಭಾಷೆಯನ್ನೂ ಆಯ್ದುಕೊಳ್ಳಬಹುದು.

ಇದೇ ಕಾಯ್ದೆ ಕೊಡುವ ಇನ್ನೊಂದು ಹಕ್ಕು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ವಯಸ್ಕರಾದ ಯಾರು ಬೇಕಾದರೂ ತಾವೇ ಆರಿಸಿಕೊಳ್ಳಬಹುದು. ಆರಿಸದಿದ್ದರೆ ಆ ಜಾಗ ಸಂಬಂಧಿಕರ ಪಾಲಾಗುತ್ತದೆ, ಎಂದರೆ ಯಾರ ಮುಂದೆ ಬಾಯಿ ಬಿಡಲಾಗದೋ ಅವರಿಗೇ ಸಿಗಬಹುದು. ಅಕ್ಕನೋ, ಗೆಳತಿಯೋ, ತವರಿನ ಅಣ್ಣನೋ, ನಂಬಿಕೆಯವರು ಯಾರಾದರೂ ಸರಿ, ಅವರು ವಯಸ್ಕರಾಗಿದ್ದು ಬರಹದಲ್ಲಿ ಒಪ್ಪಿದರಾಯಿತು. ಛಾಪಾಕಾಗದ ಬೇಡ, ವಕೀಲರು ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಮನಸ್ಸು ಬದಲಾದರೆ ಹೆಸರನ್ನೂ ಬದಲಾಯಿಸಬಹುದು.